ಮಂಡಕ್ಕಿಯ ಬಣ್ಣ

ಬೆಳಗ್ಗೆ ಆರೂವರೆ. ಒಲೆ ಮುಂದೆ ಹಾಲು ಕಾಯುತ್ತ ನಿಂತಿದ್ದೆ. ಫೋನು ಟಿಣ್ ಎಂದಿತು. ಅಮೆರಿಕದ ಓಹಿಯೋದಿಂದ ತಮ್ಮನ ಮಗಳು ಒಂದು ಫೋಟೊ ಕಳಿಸಿದ್ದಳು. ಟವೆಲ್ ಮೇಲೆ ಅಂಗೈ ಅಗಲದ ಆಮೆ. ಕುತ್ತಿಗೆ ಚಾಚಿ ಕ್ಯಾಮೆರಾವನ್ನೇ ನೋಡುತ್ತಿದೆ. ಕೆಳಗೆ ಒಂದೇ ಸಾಲು: "ಅತ್ತೆ, ಮಂಡಕ್ಕಿ ಕಲರ್ ಏನು? ಅರ್ಜೆಂಟ್!"

ಅಷ್ಟರಲ್ಲಿ ಹಾಲು ಉಕ್ಕಿತು.

ಮಂಡಕ್ಕಿ ಅನ್ನೋದು ಆ ಆಮೆಯ ಹೆಸರು. ಇಟ್ಟವಳು ನಾನೇ. ಮೂರು ವರ್ಷದ ಹಿಂದೆ ಅದಿನ್ನೂ ಮರಿಯಾಗಿದ್ದಾಗ ವಿಡಿಯೊ ಕಾಲ್‌ನಲ್ಲಿ ತೋರಿಸಿದ್ದಳು. ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಬಿಳಿಚಿದ ಮೈ, ಮೈ ತುಂಬ ಕಪ್ಪು ಚುಕ್ಕೆ. ಮಂಡಕ್ಕಿ ಮೇಲೆ ಸಾಸಿವೆ ಚೆಲ್ಲಿದ ಹಾಗಿತ್ತು. ದಾವಣಗೆರೆಯವರ ಬಾಯಲ್ಲಿ ಇನ್ನೇನು ಬರುತ್ತೆ? "ಮಂಡಕ್ಕಿ ಅಂತ ಕರಿ" ಅಂದೆ. ಆ ಹೆಸರೇ ನಿಂತುಬಿಟ್ಟಿತು. ಅವಳ ಶಾಲೆಯ ಗೆಳತಿಯರು ಅದನ್ನು "ಮ್ಯಾಂಡಿ" ಮಾಡಿದ್ದಾರೆ. ಅದು ಬೇರೆ ಮಾತು.

ಜಾತಿ ಡೈಮಂಡ್‌ಬ್ಯಾಕ್ ಟೆರಾಪಿನ್. ಅಮೆರಿಕದ ಪೂರ್ವ ಕರಾವಳಿಯ ಕೇಪ್ ಕಾಡ್‌ನಿಂದ ಹಿಡಿದು, ಫ್ಲೋರಿಡಾ ಸುತ್ತಿಕೊಂಡು, ಟೆಕ್ಸಾಸ್ ತನಕ ಸಿಗುವ ಆಮೆ. ಪೂರ್ತಿ ಸಿಹಿನೀರಿನದಲ್ಲ, ಪೂರ್ತಿ ಸಮುದ್ರದ್ದೂ ಅಲ್ಲ. ಕುಮಟಾ ಹತ್ತಿರ ಅಘನಾಶಿನಿ ಸಮುದ್ರ ಸೇರುವ ಕಡೆ ಉಪ್ಪು ಸಿಹಿ ಎರಡೂ ಬೆರೆತ ಜೌಗು ಇದೆಯಲ್ಲ, ಅಂಥ ಜಾಗ ಅದರ ಮನೆ. ಜಾಸ್ತಿಯಾದ ಉಪ್ಪನ್ನು ಹೊರಗೆ ಹಾಕೋಕೆ ಕಣ್ಣಿನ ಹತ್ತಿರ ಗ್ರಂಥಿ ಇದೆ. ಓಹಿಯೋಗೆ ಸಮುದ್ರವೇ ಇಲ್ಲ. ಅದಕ್ಕೆ ತಮ್ಮ ತೊಟ್ಟಿಯ ನೀರಿಗೆ ಅಕ್ವೇರಿಯಂ ಉಪ್ಪು ತೂಗಿ ತೂಗಿ ಹಾಕುತ್ತಾನೆ. ಸಾಕಣೆಯಲ್ಲೇ ಹುಟ್ಟಿದ ಮರಿ ತಂದದ್ದು. ಜೌಗಿನಿಂದ ಹಿಡಿದು ತಂದದ್ದಲ್ಲ.

ಅರ್ಜೆಂಟ್ ಯಾಕೆ ಅಂದರೆ, ಅವರ ಹಳೆಯ ಪಶುವೈದ್ಯರು ಊರು ಬಿಟ್ಟಿದ್ದರು. ಮರುದಿನ ಮಧ್ಯಾಹ್ನ ಮೂರಕ್ಕೆ ಹೊಸ ಡಾಕ್ಟರ್ ಹತ್ತಿರ ಹೋಗಬೇಕು. ಅದಕ್ಕೊಂದು ಫಾರಂ. ಹೆಸರು ಬರೆದರು, ವಯಸ್ಸು ಬರೆದರು, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ತೂಕವನ್ನೂ ಬರೆದರು. (ಆ ತಕ್ಕಡಿಯನ್ನು ಆಮೇಲೆ ತೊಳೆದರಾ ಅಂತ ನಾನು ಕೇಳಲಿಲ್ಲ.) "ಬಣ್ಣ ಮತ್ತು ಗುರುತು" ಎನ್ನುವ ಕಾಲಂ ಬಂದಾಗ ಮನೆಯಲ್ಲಿ ಜಗಳ. ತಮ್ಮ ಕಪ್ಪು ಅಂದ. ಅವನ ಹೆಂಡತಿ ಕಂದು ಅಂದಳು. ಮಗಳು ನೀಲಿ ಅಂತ ಹಟ ಹಿಡಿದಳು.

ನನ್ನನ್ನು ಕೇಳಿದ್ದಕ್ಕೆ ಕಾರಣ ಇದೆ. ನಮ್ಮದು ಪೇಂಟ್ ಅಂಗಡಿ. ಅಪ್ಪನ ಕಾಲದಲ್ಲಿ ಸುಣ್ಣ, ಡಿಸ್ಟೆಂಪರ್, ಪುಡಿ ಬಣ್ಣ. ಈಗ ಕಂಪ್ಯೂಟರ್ ಇರುವ ಟಿಂಟಿಂಗ್ ಮಷಿನ್. ಆದರೆ ಗಿರಾಕಿಗಳು ಬದಲಾಗಿಲ್ಲ. ಅವರು ಬಣ್ಣ ತರುವುದಿಲ್ಲ, ಹೆಸರು ತರುತ್ತಾರೆ. ಬಿಸ್ಕೆಟ್ ಕಲರ್ ಕೊಡ್ರಿ. ಈರುಳ್ಳಿ ಕಲರ್ ಇದೆಯೇನ್ರಿ? ಹಳೇ ಗೋಡೆಗೆ ಹೊಡೆದಿದ್ದೆವಲ್ಲ, ಅದೇ ಕೆನೆ ಕಲರ್. ಯಾವ ಬಿಸ್ಕೆಟ್, ಯಾವ ಈರುಳ್ಳಿ ಅಂತ ನಾವು ಕಂಡುಹಿಡಿಯಬೇಕು. ಇಪ್ಪತ್ತಾರು ವರ್ಷ ಇದೇ ಕೆಲಸ. ಗೋಡೆಯಿಂದ ಎಬ್ಬಿಸಿ ತಂದ ಉಗುರಗಲದ ಚಕ್ಕೆ ಕೊಟ್ಟರೂ ಶೇಡ್ ಹೇಳುತ್ತೇನೆ ಅಂತ ನನಗೊಂದು ಜಂಬ.

ಆದರೆ ಆ ಫೋಟೊ ನೋಡಿ ಹೇಳಲಿಲ್ಲ. ಇಲ್ಲಿ ಬೆಳಗ್ಗೆ ಆರೂವರೆ ಅಂದರೆ ಅಲ್ಲಿ ಹಿಂದಿನ ರಾತ್ರಿ ಒಂಬತ್ತು. ಅವರ ಮನೆಯ ದೀಪಗಳೆಲ್ಲ ಹಳದಿ. ಬಿಳಿ ಟವೆಲ್ಲೇ ಫೋಟೊದಲ್ಲಿ ಬಾದಾಮಿ ಹಾಲಿನ ಬಣ್ಣಕ್ಕೆ ತಿರುಗಿತ್ತು. ಟವೆಲ್ ಸುಳ್ಳು ಹೇಳುತ್ತಿರುವಾಗ ಆಮೆಯನ್ನು ನಂಬುವುದು ಹೇಗೆ? "ನಾಳೆ ಬೆಳಗ್ಗೆ ಬಿಸಿಲಲ್ಲಿ ತೆಗಿ. ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಡು. ಒದ್ದೆ ಇದ್ದಾಗ ಒಂದು, ಪೂರ್ತಿ ಒಣಗಿದ ಮೇಲೆ ಒಂದು. ತಲೆಯ ಎಡ ಬಲ ಎರಡೂ ಬೇಕು. ಹೊಟ್ಟೆಯದೂ ಬೇಕು, ಆದರೆ ಅಂಗಾತ ಜಾಸ್ತಿ ಹೊತ್ತು ಹಿಡಿಯಬೇಡ" ಅಂತ ಬರೆದೆ. "ಅತ್ತೆ, ನೀನು ಪೊಲೀಸ್ ಥರ" ಅಂತ ಉತ್ತರ ಬಂತು.

ಹೋದ ವರ್ಷ ಎರಡು ತಿಂಗಳು ಅಲ್ಲಿದ್ದಾಗ ಮಂಡಕ್ಕಿಯನ್ನು ಕೈಯಲ್ಲೇ ಹಿಡಿದಿದ್ದೇನೆ. ಆದರೂ ನೆನಪಿನ ಮೇಲೆ ಬಣ್ಣ ಹೇಳಬಾರದು. ಮನೆಯ ಬಾಗಿಲ ಬಣ್ಣವನ್ನೇ ಜನ ನೆನಪಿನಿಂದ ತಪ್ಪು ಹೇಳಿ, ಡಬ್ಬಿ ವಾಪಸ್ ತರುತ್ತಾರೆ. ಹಸಿ ಒಣ ಲೆಕ್ಕವೂ ಹಾಗೇ. ಸುಣ್ಣ ಹೊಡೆಯುವಾಗ ಗೋಡೆ ಮೇಲೆ ಏನೂ ಕಾಣುವುದಿಲ್ಲ. ಒಣಗುತ್ತ ಒಣಗುತ್ತ ಬೆಳ್ಳಗಾಗುತ್ತದೆ. ಆಮೆ ಚಿಪ್ಪೂ ಅಷ್ಟೆ. ನೀರಿನಿಂದ ಎದ್ದಾಗ ಬಿಸಿ ರಾಗಿ ಮುದ್ದೆ ಥರ ಕಪ್ಪಗೆ ಹೊಳೆಯುತ್ತದೆ. ದೀಪದ ಕೆಳಗೆ ಕಲ್ಲಿನ ಮೇಲೆ ಅರ್ಧ ಗಂಟೆ ಕೂತರೆ ರಾಗಿ ಹಿಟ್ಟಾಗುತ್ತದೆ. ಒಂದೇ ಚಿಪ್ಪು.

ಅವತ್ತು ಅಂಗಡಿಯಲ್ಲಿ ಗಿರಾಕಿ ಕಡಿಮೆ. ಸಂಜೆ ಫೋಟೊ ಬರುವ ತನಕ ತಲೆಯಲ್ಲಿ ಆಮೆಯೇ ಓಡಾಡುತ್ತಿತ್ತು.

ಈ ಆಮೆಯ ವಿಚಾರದಲ್ಲಿ ನಾನು ಕಲಿತದ್ದು ಏನೆಂದರೆ ಬಣ್ಣವನ್ನು ಕೊನೆಗೆ ನೋಡಬೇಕು. ಪೇಂಟ್ ಅಂಗಡಿಯವಳು ಹೇಳುವ ಮಾತಾ ಇದು ಅನಿಸಬಹುದು. ಮೊದಲು ನೋಡಬೇಕಾದದ್ದು ಚರ್ಮ. ಗೆರೆಯೋ, ಚುಕ್ಕೆಯೋ? ಡೈಮಂಡ್‌ಬ್ಯಾಕ್‌ನ ಕುತ್ತಿಗೆ ಕಾಲುಗಳ ಮೇಲೆ ಚುಕ್ಕೆ, ಮಚ್ಚೆ, ಅಂಕುಡೊಂಕು ಬರೆಗಳು ಇರುತ್ತವೆ. ಚುಕ್ಕೆಗಳ ಹಿಂದಿನ ಚರ್ಮದ ಬಣ್ಣ ಬೂದು, ಬಿಳಿ, ನೀಲಿ ಮಿಶ್ರಿತ ಬೂದು, ಒಮ್ಮೊಮ್ಮೆ ಹಸಿರು ಛಾಯೆ. ಪೇಟೆಯಲ್ಲಿ ಮಾಮೂಲಿ ಸಿಗುವ ರೆಡ್ ಇಯರ್ಡ್ ಸ್ಲೈಡರ್‌ಗೆ ಕುತ್ತಿಗೆ ಉದ್ದಕ್ಕೂ ಹಳದಿ ಹಸಿರು ಗೆರೆಗಳು, ಕಣ್ಣಿನ ಹಿಂದೆ ಕೆಂಪು ಪಟ್ಟಿ. ಇಷ್ಟು ಗೊತ್ತಿದ್ದಿದ್ದರೆ ನಮ್ಮ ಮೇಸ್ತ್ರಿ ಮಗನ ದುಡ್ಡು ಉಳಿಯುತ್ತಿತ್ತು.

ಮೇಸ್ತ್ರಿ ಅಂದರೆ ಪೇಂಟಿಂಗ್ ಕಂಟ್ರಾಕ್ಟ್ ಮಾಡುವವರು, ಅಪ್ಪನ ಕಾಲದಿಂದ ನಮ್ಮ ಅಂಗಡಿಗೇ ಬರುತ್ತಾರೆ. ಒಂದು ದಿನ ಮಗನನ್ನು ಕರೆದುಕೊಂಡು ಬಂದರು. ಹುಡುಗನ ಕೈಯಲ್ಲಿ ನಮ್ಮದೇ ಅಂಗಡಿಯ ಇಪ್ಪತ್ತು ಲೀಟರ್ ಪೇಂಟ್ ಬಕೆಟ್. ಒಳಗೆ ಆಮೆ.

"ನೋಡ್ರಿ ಅಕ್ಕಾರೆ, ಈ ಪ್ರಾಣಿಗೆ ಹನ್ನೊಂದು ಸಾವಿರ ಕೊಟ್ಟಾನಂತೆ. ನಾನು ಒಂದು ಮನೆಗೆ ಪುಟ್ಟಿ ಹೊಡೆದರೂ ಕೈಯಲ್ಲಿ ಅಷ್ಟು ಉಳಿಯಲ್ಲ."

"ಆಂಟಿ, ಇದು ಬ್ಲ್ಯಾಕ್ ಡೈಮಂಡ್. ನಿಮ್ಮ ತಮ್ಮನ ಮನೇಲಿ ಇದೆಯಲ್ಲ, ಅದೇ. ಬೆಂಗಳೂರಿಂದ ತರಿಸಿದೆ."

ಬಗ್ಗಿ ನೋಡಿದೆ. ಕಪ್ಪಗಿತ್ತು, ನಿಜ. ಚಿಪ್ಪು ಕಪ್ಪು, ಮುಖ ಕಪ್ಪು. ಮುಂಗಾಲಿನ ಉಗುರುಗಳು ಮಾತ್ರ ಉದ್ದುದ್ದ ಇದ್ದವು. ಸ್ಲೈಡರ್ ಗಂಡಿಗೆ ಹಾಗಿರುತ್ತವೆ. ಹೆಣ್ಣಿನ ಮುಖದ ಮುಂದೆ ಆ ಉಗುರುಗಳನ್ನು ಪಟಪಟ ಅಲ್ಲಾಡಿಸಿ ಓಲೈಸುತ್ತದಂತೆ. ಟೆರಾಪಿನ್ ಗಂಡಿಗೆ ಅಂಥ ಉಗುರಿಲ್ಲ. ಮೊಬೈಲ್ ಟಾರ್ಚ್ ಬಿಟ್ಟೆ. ಕುತ್ತಿಗೆಯ ಕಪ್ಪಿನ ಒಳಗೆ ಮಸುಕಾಗಿ ಗೆರೆಗಳು ಕಂಡವು. ಹಳೇ ಗೋಡೆಯ ಬಣ್ಣ ಹೊಸ ಕೋಟಿನ ಅಡಿಯಿಂದ ಇಣುಕುತ್ತದಲ್ಲ, ಹಾಗೆ. ಸ್ಲೈಡರ್ ಗಂಡುಗಳು ವಯಸ್ಸಾದ ಹಾಗೆ ಹಸಿರು, ಹಳದಿ, ಕೆಂಪು ಎಲ್ಲ ಕಳೆದುಕೊಂಡು ಕಪ್ಪಾಗುವುದುಂಟು. ಆ ಮುದುಕನಿಗೆ ಯಾರೋ ಡೈಮಂಡ್ ಅಂತ ಹೆಸರಿಟ್ಟು ಹುಡುಗನಿಗೆ ದಾಟಿಸಿದ್ದರು.

ಹೇಳಬೇಕೋ ಬೇಡವೋ ಅಂತ ಒಂದು ಕ್ಷಣ ಅನಿಸಿತು. ಹೇಳಿದೆ. ಹುಡುಗನ ಮುಖ ಸಣ್ಣದಾಯಿತು. ಮೇಸ್ತ್ರಿ ಮಾತ್ರ ನಕ್ಕುಬಿಟ್ಟರು. "ಡಬ್ಬಿ ಮೇಲೆ ಒಂದು, ಒಳಗೆ ಒಂದು. ನಮ್ಮ ಧಂದೆಯಲ್ಲೂ ಇದೆ ಬಿಡ್ರಿ."

ಸಿಕ್ಕಿದ್ದು ನಿಜವಾದ ಡೈಮಂಡ್‌ಬ್ಯಾಕ್ ಆಗಿದ್ದರೆ ಅವನಿಗೆ ಇನ್ನೊಂದು ತಲೆನೋವು ಇತ್ತು. ಆ ಜಾತಿ 2013ರಿಂದ, ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ನಮ್ಮ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ, 2024ರಲ್ಲಿ ನಿಯಮವೂ ಬಂದಿದೆ. ಅಂಥ ಪ್ರಾಣಿ ಇಟ್ಟುಕೊಂಡವರು ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. "ಹಂಗಾದ್ರೆ ಇದನ್ನ ಕುಂದುವಾಡ ಕೆರೆಗೆ ಬಿಟ್ಟು, ಒಂದು ದೇಸಿ ಕೆರೆ ಆಮೆ ತಂದು ಸಾಕ್ತೀನಿ" ಅಂದ ಹುಡುಗ. ಒಂದೇ ಮಾತಿನಲ್ಲಿ ಎರಡು ತಪ್ಪು. ಸ್ಲೈಡರ್ ಅನ್ನು ಕೆರೆಗೆ ಬಿಟ್ಟರೆ ಇಲ್ಲಿನ ಆಮೆಗಳ ಊಟಕ್ಕೂ, ಬಿಸಿಲು ಕಾಯುವ ಜಾಗಕ್ಕೂ ಅದು ಪಾಲಿಗೆ ಬರುತ್ತದೆ. ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಇನ್ನು ನಮ್ಮ ಕೆರೆ ಆಮೆ ಕಾಯ್ದೆಯ ಒಂದನೇ ಷೆಡ್ಯೂಲ್‌ನಲ್ಲಿದೆ. ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ. ಮನೆಗೆ ತಂದರೆ ಕೇಸು. ಪಾಪ, ಈಗ ಆ ಮುದುಕ ಸ್ಲೈಡರ್ ಮೇಸ್ತ್ರಿ ಮನೆಯ ತಾರಸಿ ಮೇಲೆ, ಅರ್ಧ ಕತ್ತರಿಸಿದ ಸಿಂಟೆಕ್ಸ್ ಟ್ಯಾಂಕಿನಲ್ಲಿ ಆರಾಮಾಗಿದೆ.

ಕೆರೆ ಆಮೆ ಅಂದಾಗ ನನಗೆ ಅಮ್ಮನ ತವರು ನೆನಪಾಗುತ್ತದೆ. ಚನ್ನಗಿರಿ ಕಡೆ, ಸೂಳೆಕೆರೆ ಸೀಮೆ. ಕಾಲುವೆ ನೀರು ಗದ್ದೆಗೆ ತಿರುಗಿಸಿದಾಗ ಒಮ್ಮೊಮ್ಮೆ ಆಮೆ ಬರುತ್ತಿತ್ತು. ಮುಟ್ಟಿದರೆ ಹಿಂಗಾಲು ಒಳಗೆಳೆದುಕೊಂಡು, ಹೊಟ್ಟೆ ಚಿಪ್ಪಿನ ಮಡಿಕೆಯನ್ನು ಬಾಗಿಲ ಹಾಗೆ ಮುಚ್ಚಿಕೊಳ್ಳುತ್ತಿತ್ತು. ಮೆತ್ತಗಿನ ಚಿಪ್ಪು, ಕೆಸರಿನ ಬಣ್ಣ, ಡಿಸೈನ್ ಏನೂ ಇಲ್ಲ. ಇದೇ ಜಾತಿಯ ಉತ್ತರ ಭಾರತದ ಆಮೆಗಳಿಗೆ ಚಿಪ್ಪಿನ ಮೇಲೆ ಹಳದಿ ಚುಕ್ಕೆ ಇರುತ್ತವೆ ಅಂತ ಆಮೇಲೆ ಓದಿ, ನಮ್ಮದು ಯಾಕೆ ಹೀಗೆ ಸಪ್ಪೆ ಅಂತ ಸ್ವಲ್ಪ ಬೇಜಾರಾಯಿತು. "ಆಮೆ ಹೊಕ್ಕ ಮನೆ ಉದ್ಧಾರ ಆಗಲ್ಲ" ಅಂತ ಅಮ್ಮ ಅದನ್ನು ಹೊಸ್ತಿಲ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಈಗ ನೋಡಿದರೆ ವಾಸ್ತು ಅಂತ ಗಾಜಿನ ಬಟ್ಟಲಿನಲ್ಲಿ ನೀರು ಹಾಕಿ ಲೋಹದ ಆಮೆ ಇಡುತ್ತಾರೆ. ನನ್ನ ಕ್ಯಾಶ್ ಕೌಂಟರ್ ಮೇಲೂ ಯಾರೋ ಕೊಟ್ಟದ್ದು ಒಂದಿದೆ. ಅದರ ಬೆನ್ನಿಗೂ ಡೈಮಂಡ್ ಡಿಸೈನ್!

ಡೈಮಂಡ್ ವಿಷಯಕ್ಕೆ ಬರುತ್ತೇನೆ. ಟೆರಾಪಿನ್ ಬೆನ್ನ ಮೇಲೆ 13 ದೊಡ್ಡ ಬಿಲ್ಲೆಗಳು. ನಡುಸಾಲಿನಲ್ಲಿ 5, ಎರಡೂ ಪಕ್ಕಕ್ಕೆ ನಾಲ್ಕು ನಾಲ್ಕು. ಸುತ್ತ ಅಂಚಿಗೆ ಚಿಕ್ಕ ಬಿಲ್ಲೆಗಳ ಸಾಲು. ಪ್ರತಿ ಬಿಲ್ಲೆಯೂ ಬೆಳೆಯುತ್ತ ಒಂದರ ಸುತ್ತ ಒಂದು ಉಂಗುರ ಹಾಕಿಕೊಳ್ಳುತ್ತದೆ. ಆ ಮೂಲೆಮೂಲೆಯ ಉಂಗುರಗಳಿಂದಲೇ ಡೈಮಂಡ್ ಅನ್ನುವ ಹೆಸರು. ಮರಿಯಲ್ಲಿ ಅಂಚುಗೆರೆ ಎದ್ದು ಕಾಣುತ್ತದೆ. ಮುದಿ ಆಮೆಯಲ್ಲಿ ಸವೆದು ನುಣ್ಣಗಾಗಿರುತ್ತದೆ. ಮರದ ಹಾಗೆ ಉಂಗುರ ಎಣಿಸಿ ವಯಸ್ಸು ಹೇಳೋಕೆ ಹೋದರೆ ದೊಡ್ಡ ಆಮೆಗಳಲ್ಲಿ ಲೆಕ್ಕ ತಪ್ಪುತ್ತದೆ.

ಒಮ್ಮೊಮ್ಮೆ 13ರ ಬದಲು 14, 15 ಬಿಲ್ಲೆ ಇರುತ್ತವೆ. ಅಪರೂಪದ ಪ್ಯಾಟರ್ನ್ ಅಂತ ಕೆಲವರು ಹಿಗ್ಗುತ್ತಾರೆ. ಮೊಟ್ಟೆ ಇದ್ದ ಮರಳು ಜಾಸ್ತಿ ಬಿಸಿಯಾದಾಗ ಹೀಗಾಗುವುದುಂಟು. ಆ ಬಿಸಿಯ ಲೆಕ್ಕದ ಮೇಲೇ ಗಂಡು ಹೆಣ್ಣು ಕೂಡ ತೀರ್ಮಾನವಾಗುತ್ತದೆ. ಬೆಚ್ಚಗಿದ್ದರೆ ಹೆಣ್ಣು, ತಂಪಿದ್ದರೆ ಗಂಡು. ಹೆಣ್ಣು ಗಂಡಿಗಿಂತ ಬಹಳ ದೊಡ್ಡದು. ಒಂದು ಗೇಣು ಹತ್ತಿರ ಬೆಳೆಯುತ್ತದೆ, ತಲೆಯೂ ದಪ್ಪ. ಗಂಡಿಗೆ ಬಾಲ ದಪ್ಪ. ನಮ್ಮ ಮಂಡಕ್ಕಿಯ ಬಾಲ ದಪ್ಪಗಾಗುತ್ತಿದೆ, ಹಾಗಾಗಿ ಇವನು ಗಂಡೇ.

ಇನ್ನು ಏಳು ಬಗೆ. ಪುಸ್ತಕದ ಪ್ರಕಾರ ಡೈಮಂಡ್‌ಬ್ಯಾಕ್‌ನಲ್ಲಿ ಏಳು ಉಪಜಾತಿ. ನನಗೆ ಬಹಳ ಇಷ್ಟವಾದದ್ದು ಫ್ಲೋರಿಡಾದ ಪಶ್ಚಿಮ ಕರಾವಳಿಯ ಆರ್ನೇಟ್. ಕಪ್ಪು ಬಿಲ್ಲೆ, ಪ್ರತಿ ಬಿಲ್ಲೆಯ ನಡುವೆ ಹಳದಿಯೋ ಕಿತ್ತಳೆಯೋ ಬೊಟ್ಟು. ರಂಗೋಲಿ ಹಾಕಿ ನಡುವೆ ಅರಿಸಿನ ಇಟ್ಟ ಹಾಗೆ. ಅದರ ಆಚೆ ಮಿಸಿಸಿಪ್ಪಿ ಬಗೆ. ಅದಕ್ಕೆ ಮೇಲ್ದುಟಿಯಲ್ಲಿ ಕಪ್ಪು ಮೀಸೆ, ಚಿಪ್ಪಿನ ಅಂಚು ಸ್ವಲ್ಪ ಮೇಲಕ್ಕೆ ಮಡಚಿ ಹಳದಿ ಕಿತ್ತಳೆ ಬಾರ್ಡರ್. ನಮ್ಮ ಮೊಳಕಾಲ್ಮೂರು ಸೀರೆಯವರು ನೋಡಿದರೆ ಮೆಚ್ಚುತ್ತಾರೆ. ಫ್ಲೋರಿಡಾದ ತುದಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನದಕ್ಕೆ ಹಿಂಗಾಲಲ್ಲಿ ಉದ್ದುದ್ದ ಪಟ್ಟೆ, ಪಟ್ಟಾಪಟ್ಟಿ ಚಡ್ಡಿ ಹಾಕಿದ ಹಾಗೆ. ಟೆಕ್ಸಾಸಿನದಕ್ಕೆ ಬಿಳುಪಾದ ತಲೆ. ಈ ಮೆಕ್ಸಿಕೋ ಕೊಲ್ಲಿಯ ಕಡೆಯವಕ್ಕೆಲ್ಲ ಬೆನ್ನಿನ ನಡುಗೆರೆಯಲ್ಲಿ ಗಂಟುಗಂಟು ಎದ್ದಿರುತ್ತದೆ. ಅಟ್ಲಾಂಟಿಕ್ ಕಡೆಯವು ಅಷ್ಟು ಗಂಟಾಗಿರುವುದಿಲ್ಲ. ಅಲ್ಲಿ ಉತ್ತರದ್ದೋ ಕೆರೊಲಿನಾದ್ದೋ ಅಂತ ಹೇಳೋಕೆ ಮೇಲಿನಿಂದ ಆಕಾರ ನೋಡಬೇಕು. ಉತ್ತರದ್ದು ಹಿಂದಕ್ಕೆ ಹೋಗುತ್ತ ಅಗಲ, ಕೆರೊಲಿನಾದ್ದರ ಎರಡೂ ಪಕ್ಕ ಹೆಚ್ಚುಕಡಿಮೆ ಸಮಾನಾಂತರ. ಫ್ಲೋರಿಡಾದ ಪೂರ್ವ ಕರಾವಳಿಯದು ಏಳನೆಯದು, ಅದರ ಬಗ್ಗೆ ನನಗೆ ವಿಶೇಷ ಒಲವಿಲ್ಲ.

ಇಷ್ಟು ಓದಿಕೊಂಡು, ಮಂಡಕ್ಕಿ ಉತ್ತರದ ಬಗೆ ಅಂತ ನಾನು ಒಂದು ವರ್ಷ ಎಲ್ಲರಿಗೂ ಹೇಳಿಕೊಂಡು ಓಡಾಡಿದೆ. ಆಮೇಲೆ ಸೂಪಿನ ಕಥೆ ಗೊತ್ತಾಯಿತು.

ಹತ್ತೊಂಬತ್ತನೇ ಶತಮಾನದ ಕೊನೆಗೆ ಅಮೆರಿಕದ ದೊಡ್ಡ ಹೋಟೆಲುಗಳಲ್ಲಿ ಈ ಆಮೆಯ ಸೂಪು ಶ್ರೀಮಂತರ ಊಟ. ಎಷ್ಟು ತಿಂದರು ಅಂದರೆ ಜೌಗುಗಳೇ ಬರಿದಾದವು. ಬೇಡಿಕೆ ಪೂರೈಸಲು ದಕ್ಷಿಣದ ಆಮೆಗಳನ್ನು ಉತ್ತರದ ದೊಡ್ಡಿಗಳಿಗೆ ಸಾಗಿಸಿದರು. ನಾರ್ತ್ ಕೆರೊಲಿನಾದ ಬೋಫರ್ಟ್‌ನಲ್ಲಿ ಸರ್ಕಾರವೇ ಸಾಕಣೆ ಶುರು ಮಾಡಿತು. ಸೂಪಿಗೆ ಹಾಕುವ ಶೆರಿ, ಮಡೀರಾ ವೈನು 1920ರ ಪಾನನಿಷೇಧದಿಂದ ಸಿಗದಾಯಿತು. ರುಚಿ ಹೋಯಿತು, ಫ್ಯಾಶನ್ನೂ ಹೋಯಿತು. ಹೆಂಡ ನಿಂತು ಆಮೆ ಬದುಕಿದ ಕಥೆ ಇದು. ಅಷ್ಟರಲ್ಲಿ ದೊಡ್ಡಿಗಳಿಂದ ತಪ್ಪಿಸಿಕೊಂಡದ್ದು, ಬಿಟ್ಟದ್ದು ಎಲ್ಲ ಸ್ಥಳೀಯ ಆಮೆಗಳ ಜೊತೆ ಬೆರೆತಿದ್ದವು. ಈಗ ಡಿಎನ್‌ಎ ನೋಡಿದರೆ ಸಿಗುವ ಗುಂಪುಗಳು ಪುಸ್ತಕದ ಏಳು ಹೆಸರಿಗೆ ಸರಿಯಾಗಿ ಕೂರುವುದಿಲ್ಲ. ಸಾಕಣೆಯಲ್ಲಂತೂ ಅಜ್ಜ ಒಂದು ಕಡೆಯದು, ಅಜ್ಜಿ ಇನ್ನೊಂದು ಕಡೆಯದು. ತಂದೆ ತಾಯಿಯ ಊರು ಬರೆದಿಟ್ಟಿದ್ದರೆ ಸರಿ. ಇಲ್ಲದಿದ್ದರೆ ಬೆನ್ನು ನೋಡಿ ಊರು ಹೇಳುವುದು, ಮುಖ ನೋಡಿ ಜಾತಕ ಹೇಳಿದ ಹಾಗೆ.

ಮಾರುವವರ ಹೆಸರುಗಳು ಬೇರೆಯೇ. ಬಿಲ್ಲೆಯಲ್ಲಿ ಒಂದು ಕಪ್ಪು, ಒಂದು ತಿಳಿ ಹೀಗೆ ಉಂಗುರಗಳು ಸ್ಪಷ್ಟವಾಗಿದ್ದರೆ "ಕಾನ್ಸೆಂಟ್ರಿಕ್" ಅನ್ನುತ್ತಾರೆ. ಅದು ಉಪಜಾತಿಯ ಹೆಸರಲ್ಲ, ಡಿಸೈನಿನ ಹೆಸರು. ಉಂಗುರ ಚೆನ್ನಾಗಿದ್ದಷ್ಟೂ ಬೆಲೆ ಜಾಸ್ತಿ. ಆಲ್ಬಿನೊ ಕೂಡ ಇವೆ. ಕಪ್ಪು ಬಣ್ಣ ತಯಾರಾಗುವುದೇ ಇಲ್ಲ, ಕಣ್ಣು ಕೆಂಪು. ಮೈ ಬೆಳ್ಳಗಿದ್ದು ಕಣ್ಣು ಕಪ್ಪಾಗಿದ್ದರೆ ಅದು ಲ್ಯೂಸಿಸ್ಟಿಕ್. ಬೇಸ್‌ಗೆ ಕಪ್ಪು ಸ್ಟೇನರ್, ಅಂದರೆ ಬಣ್ಣ ಕೂಡಿಸುವ ದ್ರವ, ಹಾಕದೆ ಬಿಟ್ಟ ಡಬ್ಬಿ ಇದ್ದ ಹಾಗೆ ಆಲ್ಬಿನೊ ಅಂತ ನಾನು ನಮ್ಮ ಅಂಗಡಿ ಹುಡುಗನಿಗೆ ವಿವರಿಸಿದ್ದೆ. ಅವನಿಗೆ ತಕ್ಷಣ ಅರ್ಥವಾಯಿತು, ಆದರೆ ಅದನ್ನು ಯಾಕೆ ದುಡ್ಡು ಕೊಟ್ಟು ತಗೋತಾರೆ ಅನ್ನೋದು ಅರ್ಥವಾಗಲಿಲ್ಲ.

ನನ್ನ ಒಂದು ತಪ್ಪನ್ನೂ ಬರೆದುಬಿಡುತ್ತೇನೆ. ಒಂದೂವರೆ ವರ್ಷದ ಹಿಂದೆ ಮಂಡಕ್ಕಿಯ ಬೆನ್ನಿನ ಮೇಲೆ ಬೆಳ್ಳಿಯಂಥ ಬಿಳಿ ಮಚ್ಚೆಗಳು ಕಾಣಿಸಿಕೊಂಡವು. "ಅತ್ತೆ, ಹೊಸ ಪ್ಯಾಟರ್ನ್ ಬರ್ತಿದೆ!" ಅಂತ ಹುಡುಗಿ ಕುಣಿದಳು. ನಾನು ಫೋಟೊ ನೋಡಿ, "ಪ್ಯಾಟರ್ನೂ ಇಲ್ಲ, ಏನೂ ಇಲ್ಲ. ಗಡಸು ನೀರಿನ ಕಲೆ. ಹಳೇ ಟೂತ್‌ಬ್ರಷ್ ತಗೊಂಡು ಉಜ್ಜು" ಅಂದೆ. ನಮ್ಮ ಬೋರ್ ನೀರಿಗೆ ಬಕೆಟ್, ಗೀಸರ್, ನಲ್ಲಿ ಎಲ್ಲ ಬಿಳಿ ಪೊರೆ ಕಟ್ಟುತ್ತದೆ. ಅದೇ ಕಣ್ಣಿನಿಂದ ನೋಡಿದ್ದೆ. ಅವಳು ಉಜ್ಜಿದಳು. ಬಿಲ್ಲೆಯ ಒಂದು ಮೂಲೆ ಎದ್ದು ಬಂತು. ಮನೆಯಲ್ಲಿ ಅಳು. ರಾತ್ರಿಯೇ ಹಳೆಯ ಡಾಕ್ಟರಿಗೆ ಫೋನು.

ಆಮೆ ಪೊರೆ ಬಿಡುತ್ತಿತ್ತು, ಅಷ್ಟೆ. ಬಿಲ್ಲೆಯ ಮೇಲಿನ ತೆಳು ಪದರ ಸಡಿಲವಾಗಿ, ಅಡಿಗೆ ಗಾಳಿ ಸೇರಿದಾಗ ಹಾಗೆ ಬೆಳ್ಳಗೆ ಕಾಣುತ್ತದೆ. ಉಜ್ಜಬಾರದು, ಕೀಳಬಾರದು, ತಾನಾಗೇ ಬೀಳಬೇಕು. ಎರಡು ವಾರದಲ್ಲಿ ಈರುಳ್ಳಿ ಸಿಪ್ಪೆ ಥರ ಒಂದೊಂದೇ ನೀರಿಗೆ ಬಿತ್ತು. ಒಂದನ್ನು ಒಣಗಿಸಿ ನನಗೆ ಕವರಿನಲ್ಲಿ ಇಟ್ಟಿದ್ದಳು. ಬೆಳಕಿಗೆ ಹಿಡಿದರೆ ಉಂಗುರಗಳ ನೆರಳು ಕಾಣುತ್ತದೆ. ಅಡಿಯಲ್ಲಿ ಹೊಸ ಬಿಲ್ಲೆ ಪಾಲಿಶ್ ಹೊಡೆದ ಹಾಗಿತ್ತಂತೆ. ಬಿಳಿ ಜಾಗ ಮೆತ್ತಗಾಗಿದ್ದರೆ, ಗುಳಿ ಬಿದ್ದಿದ್ದರೆ, ವಾಸನೆ ಬಂದರೆ ಅದು ಚಿಪ್ಪಿನ ಕೊಳೆ ರೋಗ, ಕೂಡಲೇ ತೋರಿಸಬೇಕು ಅಂತ ಡಾಕ್ಟರ್ ಹೇಳಿದರು. ಹಸಿರು ಕಂಡರೆ ಬರೀ ಪಾಚಿ. ನಾನು ಹೇಳಿದ ಗಡಸು ನೀರಿನ ಕಲೆಯೂ ಆಗುವುದುಂಟು. ಅವತ್ತು ಆಗಿರಲಿಲ್ಲ. ಅದಾದ ಮೇಲೆ ಫೋನಿನಲ್ಲಿ ಒಂದೇ ಫೋಟೊ ನೋಡಿ ಶೇಡ್ ಹೇಳುವುದನ್ನು ಗೋಡೆಗೂ ಬಿಟ್ಟಿದ್ದೇನೆ, ಆಮೆಗೂ ಬಿಟ್ಟಿದ್ದೇನೆ.

ಸಂಜೆ ಆರೂವರೆಗೆ ಸರಿಯಾಗಿ ಫೋಟೊಗಳು ಬಂದವು. ಹನ್ನೊಂದು. ಪಕ್ಕದಲ್ಲಿ ಬಿಳಿ ಹಾಳೆ, ಈ ಸಲ ನಿಜವಾಗಿಯೂ ಬೆಳ್ಳಗಿತ್ತು. ಅಂಗಡಿ ಷಟರ್ ಅರ್ಧ ಎಳೆದು, ಕನ್ನಡಕ ಒರೆಸಿಕೊಂಡು ಕೂತೆ.

ಒದ್ದೆ ಚಿಪ್ಪು ಕಪ್ಪೇ ಸರಿ. ಒಣಗಿದ ಚಿಪ್ಪು ಕಂದು, ಉಂಗುರದ ತಿಳಿ ಭಾಗ ಹುಣಸೆ ಸಿಪ್ಪೆಯ ಬಣ್ಣ. ಚರ್ಮ ನಾನು ಮೂರು ವರ್ಷದಿಂದ ಅಂದುಕೊಂಡಂತೆ ಬಿಳಿ ಅಲ್ಲ. ಸ್ಲೇಟಿನ ಮೇಲಿನ ಬಳಪವನ್ನು ಅಂಗೈಯಿಂದ ಒರೆಸಿದಾಗ ಉಳಿಯುತ್ತದಲ್ಲ, ಆ ಬೂದು. ತುಟಿ ತಿಳಿಯಾಗಿದೆ, ಮೀಸೆ ಇಲ್ಲ. ಹೊಟ್ಟೆ ಚಿಪ್ಪು ಮಾಸಿದ ಹಳದಿ, ಅಲ್ಲಲ್ಲಿ ಮಸಿ ಬೆರಳು ಒತ್ತಿದ ಗುರುತು.

"ನಿಮ್ಮಪ್ಪ ಇವನನ್ನ ಯಾವಾಗ ನೋಡ್ತಾನೆ?" ಅಂತ ಕೇಳಿದೆ.

"ಊಟ ಹಾಕುವಾಗ. ನೀರಲ್ಲಿ ಇರ್ತಾನೆ."

"ಅಮ್ಮ?"

"ಅಮ್ಮ ಮನೇಲಿ ಕೆಲಸ ಮಾಡುವಾಗ. ಆವಾಗ ಇವನು ಲೈಟ್ ಕೆಳಗೆ ಕೂತಿರ್ತಾನೆ."

"ನೀನು?"

"ನಾನು ಇವನ ಮುಖ ಅಷ್ಟೇ ನೋಡ್ತೀನಿ ಅತ್ತೆ."

ಹಳದಿ ದೀಪದ ಕೋಣೆಯಲ್ಲಿ ತಣ್ಣನೆಯ ಬೂದು ನೀಲಿಯಾಗಿ ಕಾಣುವುದು ಹೊಸದೇನಲ್ಲ. ನಮ್ಮ ಗಿರಾಕಿಗಳು ಈ ಕಾರಣಕ್ಕೇ ಎಷ್ಟೋ ಡಬ್ಬಿ ವಾಪಸ್ ತಂದಿದ್ದಾರೆ. ಮೂವರು ಹೇಳಿದ್ದನ್ನೂ ಬರೆಯೋಣ ಅಂದೆ. ಚಿಪ್ಪು ಒದ್ದೆಯಾದಾಗ ಕಪ್ಪು, ಒಣಗಿದಾಗ ಕಂದು. ಚರ್ಮ ನೀಲಿ ಬೂದು, ಕಪ್ಪು ಚುಕ್ಕೆ. ಬಿಲ್ಲೆ 13. ಉಪಜಾತಿಯ ಜಾಗದಲ್ಲಿ ಏನೂ ಬೇಡ.

"ಗುರುತು ಅಂತ ಏನು ಬರೀಲಿ?" ಅಂದಳು. ಈ ಆಮೆಗಳ ಚುಕ್ಕೆ ಒಂದರದ್ದು ಇನ್ನೊಂದಕ್ಕೆ ಇರುವುದಿಲ್ಲ. ಚಿಪ್ಪು ಸವೆಯಬಹುದು, ಪಾಚಿ ಕಟ್ಟಬಹುದು. ಕಳೆದುಹೋಗಿ ಸಿಕ್ಕಿದರೆ ಇವನೇ ಅಂತ ಹೇಳಬೇಕಾದದ್ದು ಮುಖ ನೋಡಿ. ಎಡಗೆನ್ನೆಯ ಫೋಟೊವನ್ನು ಬೆರಳಲ್ಲಿ ದೊಡ್ಡದು ಮಾಡಿದೆ. ಕಣ್ಣಿನ ಹಿಂದೆ ದುಂಡಗಿನ ಒಂದು ಕಪ್ಪು ಉಂಗುರ. ಅದರ ನಡುವೆ ಒಂದು ಚುಕ್ಕೆ.

"ಇದು ಠ ಅಲ್ವಾ?" ಅಂದೆ.

ಓಹಿಯೋದಲ್ಲಿ ಕಿರುಚಾಟ ಕೇಳಿಸಿತು. ಅವಳಿಗೆ ಭಾನುವಾರ ಭಾನುವಾರ ಕನ್ನಡ ಕಲಿಸುತ್ತಾರೆ. ಕಷ್ಟ ಅಂತ ಗೊಣಗುತ್ತಾಳೆ. ಇಡೀ ವರ್ಣಮಾಲೆಯಲ್ಲಿ ಸುಲಭ ಅಂತ ಒಪ್ಪಿಕೊಂಡ ಅಕ್ಷರ ಅದೊಂದೇ. ಫಾರಂನಲ್ಲಿ ಇಂಗ್ಲಿಷ್ ಸಾಲುಗಳ ನಡುವೆ ಪೆನ್ನಿನಲ್ಲಿ ದಪ್ಪಗೆ ಠ ಬರೆದು, ಬಾಣ ಹಾಕಿ, "ಎಡಗೆನ್ನೆ" ಅಂತ ತೋರಿಸಿ ಫೋಟೊ ಕಳಿಸಿದಳು.

ಅವರ ಮಧ್ಯಾಹ್ನ ಮೂರು ಅಂದರೆ ನಮ್ಮ ನಡುರಾತ್ರಿ ದಾಟಿ ಹನ್ನೆರಡೂವರೆ. ಬೆಳಗ್ಗೆ ಎದ್ದು ಫೋನು ನೋಡಿದರೆ ಸಾಲುಸಾಲು ಮೆಸೇಜು, ಸಿಟ್ಟಿನವು. ಮಂಡಕ್ಕಿ ಆರೋಗ್ಯವಾಗಿದ್ದಾನೆ, ಉಗುರು ಸ್ವಲ್ಪ ಕತ್ತರಿಸಿದರು. ಆದರೆ ಕೌಂಟರಿನಲ್ಲಿದ್ದವರ ಕಂಪ್ಯೂಟರಿನಲ್ಲಿ ಬಣ್ಣದ ಕಾಲಂಗೆ ಐದೇ ಹೆಸರು ಇದ್ದವಂತೆ. ಬಿಳಿ, ಕಪ್ಪು, ಕಂದು, ಹಸಿರು, ಗ್ರೇ. ಒಂದನ್ನು ಒತ್ತದೆ ಮುಂದಕ್ಕೆ ಹೋಗುವುದಿಲ್ಲ. ಆಕೆ ಗ್ರೇ ಒತ್ತಿದರಂತೆ.

"ಹೋಗಲಿ ಬಿಡು, ಕಾಗದದ ಫಾರಂ ಫೈಲಲ್ಲಿ ಇರುತ್ತಲ್ಲ" ಅಂತ ಬರೆದೆ.

ಸ್ವಲ್ಪ ಹೊತ್ತು ಉತ್ತರ ಇಲ್ಲ. ಆಮೇಲೆ: "ಅತ್ತೆ, ಗ್ರೇಗೆ ಕನ್ನಡದಲ್ಲಿ ಏನು?"

"ಬೂದು. ಬೂದಿಯ ಬಣ್ಣ."

"ಬೂದಿ ಅಂದ್ರೆ ತಾತ ಹಣೆಗೆ ಹಚ್ಕೋತಾರಲ್ಲ, ವಿಭೂತಿ, ಅದಾ?"

"ಹೂಂ, ಅದೂ ಬೂದಿನೇ."

ಮೂರು ಚುಕ್ಕೆ ಕಾಣಿಸಿದವು. ಹೋದವು. ಮತ್ತೆ ಬಂದವು.

"ಒದ್ದೆ ವಿಭೂತಿನಾ, ಒಣಗಿದ್ದಾ?"